ಕೊರಕಲಿನ ಕೆಸರು, ಕಡಲಿನ ಹವಳ: ಕ್ವೀನ್ಸ್‌ಲ್ಯಾಂಡ್ ರೈತರ ಹತ್ರ ನಾನು ಕಲಿತದ್ದು

2019ರ ಫೆಬ್ರವರಿ. ನಾನಾಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಟೌನ್ಸ್‌ವಿಲ್‌ನಲ್ಲಿ ಮಣ್ಣು ವಿಜ್ಞಾನ ಓದ್ತಿದ್ದೆ. ಮುಧೋಳ ತಾಲ್ಲೂಕಿನ ಹುಡುಗ ನಾನು. ಮಳೆ ಅಂದ್ರೆ ಮುಗಿಲು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡು ಕಾಯೋದು ಅಂತಲೇ ಗೊತ್ತಿತ್ತು. ಅಲ್ಲಿ ಹತ್ತೇ ದಿನದಲ್ಲಿ ಆ ಊರಿನ ಇಡೀ ವರ್ಷದ ಸರಾಸರಿಗಿಂತ ಹೆಚ್ಚು ಮಳೆ ಸುರಿಯಿತು. ಅಷ್ಟು ಮಳೆ ನಮ್ಮ ಕಡೆ ಬೀಳೋಕೆ ಹೆಚ್ಚು ಕಡಿಮೆ ಎರಡು ವರ್ಷ ಬೇಕು.

ನೀರು ಇಳಿದು ಪಾಠ ಶುರುವಾದಾಗ ನಮ್ಮ ಮೇಷ್ಟ್ರು ಪರದೆ ಮೇಲೆ ಒಂದು ಉಪಗ್ರಹ ಚಿತ್ರ ಹಾಕಿದರು. ನೀಲಿ ಸಮುದ್ರದೊಳಗೆ ಚಹಾ ಚೆಲ್ಲಿದ ಹಾಗೆ ಕಂದು ಬಣ್ಣದ ಪಟ್ಟಿ. ಬರ್ಡೆಕಿನ್ ನದಿ ಸಮುದ್ರ ಸೇರುವ ಜಾಗದಿಂದ ಹೊರಟು, ಕರಾವಳಿಯಿಂದ ಸುಮಾರು 60 ಕಿಲೋಮೀಟರ್ ಆಚೆ ಇರೋ ಹವಳದ ದಿಬ್ಬಗಳ ತನಕ ಚಾಚಿಕೊಂಡಿತ್ತು. ‘ಈ ಮಣ್ಣು ಎಲ್ಲಿಂದ ಬಂತು?’ ಅಂತ ಕೇಳಿದರು. ಚಿತ್ರದಲ್ಲಿ ನದಿಯ ಎರಡೂ ದಡಕ್ಕೆ ಕಬ್ಬಿನ ಹೊಲಗಳೇ ಕಾಣ್ತಿದ್ದವು. ಕಬ್ಬಿನವನ ಮಗ ನಾನು, ತಡಮಾಡದೆ ಕೈ ಎತ್ತಿ ‘ಕಬ್ಬಿನ ಹೊಲದಿಂದ’ ಅಂದೆ. ಉತ್ತರ ತಪ್ಪಾಗಿತ್ತು.

ಆ ತಪ್ಪು ಉತ್ತರದಿಂದ ನಾನು ಕಲಿತದ್ದನ್ನು ಈ ವಾರ ಬರೀತಿದ್ದೇನೆ. ಹವಳಕ್ಕೂ ನಮಗೂ ಏನು ಸಂಬಂಧ ಅಂತ ಪುಟ ದಾಟಿಸಬೇಡಿ. ಕೆಸರಾಗಿ ಹೋಗೋದು ನಮ್ಮಂಥವರ ಹೊಲದ ಮೇಲ್ಮಣ್ಣೇ.

ಹವಳ ಕಲ್ಲಲ್ಲ, ಜೀವ

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಗೆ ಸಮಾನಾಂತರವಾಗಿ ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಗ್ರೇಟ್ ಬ್ಯಾರಿಯರ್ ರೀಫ್ ಹಬ್ಬಿದೆ. ಒಂದೇ ಗೋಡೆ ಅಂದುಕೊಳ್ಳಬೇಡಿ, ಬಿಡಿ ಬಿಡಿಯಾಗಿ ಸುಮಾರು 3,000 ಹವಳದ ದಿಬ್ಬಗಳು. 1981ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹವಳ ಅಂದ್ರೆ ಉಂಗುರದ ಕಲ್ಲು ಅಂತ ನಮ್ಮ ತಲೆಯಲ್ಲಿ ಕೂತಿದೆ. ನಿಜದಲ್ಲಿ ಅದು ಪುಟ್ಟ ಪುಟ್ಟ ಪ್ರಾಣಿಗಳು ಒಟ್ಟಿಗೆ ಸೇರಿ ಕಟ್ಟಿಕೊಂಡ ಸುಣ್ಣದ ಮನೆ. ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ. ಪಾಚಿ ಬಿಸಿಲು ಹಿಡಿದು ಆಹಾರ ಮಾಡುತ್ತೆ, ಹವಳದ ಹೊಟ್ಟೆ ಬಹುಪಾಲು ಅದರಿಂದಲೇ ತುಂಬುತ್ತೆ. ಅಂದ್ರೆ ಹವಳವೂ ನಮ್ಮ ಬೆಳೆಯ ಹಾಗೆ ಬಿಸಿಲು ನಂಬಿಕೊಂಡ ಜೀವ.

ನೀರು ಕೆಸರಾದರೆ ಬಿಸಿಲು ತಳಕ್ಕೆ ಇಳಿಯೋದಿಲ್ಲ. ಮೈಮೇಲೆ ಕೂತ ಮಣ್ಣನ್ನು ತಳ್ಳಿಹಾಕೋಕೆ ಹವಳ ಲೋಳೆ ಬಿಡುತ್ತೆ, ಅದಕ್ಕೆ ಶಕ್ತಿ ಖರ್ಚು. ಹವಳದ ಮರಿಗಳು ತೇಲಿ ಬಂದು ಗಟ್ಟಿ ಬಂಡೆ ಹುಡುಕಿ ಅಂಟಿಕೊಳ್ಳಬೇಕು. ಬಂಡೆ ಮೇಲೆ ಕೆಸರಿನ ಪದರ ಇದ್ದರೆ ಅಂಟೋದೇ ಇಲ್ಲ, ಮುಂದಿನ ಪೀಳಿಗೆ ಅಲ್ಲಿಗೇ ನಿಲ್ಲುತ್ತೆ. ಮರಳು ಇಷ್ಟು ದೂರ ಬರೋಲ್ಲ, ನದಿಯ ಬಾಯಲ್ಲೇ ಕೂತುಬಿಡುತ್ತೆ. ದೂರ ಹೋಗೋದು ಎರೆಮಣ್ಣಿನಂಥ ಅತಿ ನುಣುಪು ಕಣ. ಬೆರಳಲ್ಲಿ ತಿಕ್ಕಿದರೆ ಬೆಣ್ಣೆ ಹಾಗಿರುತ್ತಲ್ಲ, ಗೊಬ್ಬರದ ಅಂಶ ಹಿಡಿದಿಟ್ಟುಕೊಳ್ಳೋದು ಅದೇ.

ಇದೆಲ್ಲ ಈಚಿನ ಕಥೆಯೋ, ಮೊದಲಿಂದ ಹೀಗೇನೋ ಅನ್ನೋ ಪ್ರಶ್ನೆಗೆ ಹವಳವೇ ಲೆಕ್ಕ ಇಟ್ಟಿದೆ. ಮರಕ್ಕೆ ವರ್ಷಕ್ಕೊಂದು ಉಂಗುರ ಬರೋ ಹಾಗೆ ಕೆಲವು ಹವಳಗಳಲ್ಲಿ ವರ್ಷವರ್ಷದ ಪದರ ಇರುತ್ತೆ. ನದಿಯ ಮಣ್ಣಿನ ಜೊತೆ ಬರೋ ಬೇರಿಯಂ ಅನ್ನೋ ಧಾತು ಆ ಪದರದಲ್ಲಿ ಸೇರಿಕೊಳ್ಳುತ್ತೆ. ಟೌನ್ಸ್‌ವಿಲ್ ಸಮೀಪದ ಹಾವನ್ನಾ ರೀಫ್‌ನ ಹವಳ ಕೊರೆದು ನೋಡಿ ವಿಜ್ಞಾನಿಗಳು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 1870ರ ಸುಮಾರಿನಿಂದ ಈಚೆಗೆ ಕೆಸರು ಐದರಿಂದ ಹತ್ತು ಪಟ್ಟು ಹೆಚ್ಚಾಗಿತ್ತು. ಯುರೋಪಿನ ವಲಸಿಗರು ಬರ್ಡೆಕಿನ್ ಬಯಲಿಗೆ ದನ, ಕುರಿ ಹೊಡೆದುಕೊಂಡು ಬಂದದ್ದು ಸರಿಯಾಗಿ ಅದಕ್ಕೆ ಸ್ವಲ್ಪ ಮುಂಚೆ.

ನನ್ನ ಉತ್ತರ ಯಾಕೆ ತಪ್ಪು

ಬರ್ಡೆಕಿನ್ ನದಿಯ ಜಲಾನಯನ ಪ್ರದೇಶ ಸುಮಾರು 1,30,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಮೂರರಲ್ಲಿ ಎರಡು ಪಾಲು. ಅದರಲ್ಲಿ ಕಬ್ಬು ಇರೋದು ಸಮುದ್ರದ ಹತ್ತಿರದ ಒಂದು ಚೂರು ಜಾಗದಲ್ಲಿ. ಉಳಿದದ್ದು ಬಹುತೇಕ ದನ ಮೇಯಿಸೋ ಬಯಲು. ಒಬ್ಬೊಬ್ಬ ಮಾಲೀಕನಿಗೆ ಸಾವಿರಾರು ಹೆಕ್ಟೇರ್. ಹವಳಕ್ಕೆ ಹೋಗೋ ಕೆಸರಿನ ದೊಡ್ಡ ಪಾಲು ಈ ಬಯಲಿನದು. ಕಬ್ಬಿನ ಮೇಲಿರೋ ಮುಖ್ಯ ಆರೋಪವೇ ಬೇರೆ, ಹೊಲದಿಂದ ಕರಗಿ ಹೋಗೋ ಯೂರಿಯಾದ್ದು.

ಇನ್ನೂ ಒಂದು ಮಾತಿದೆ. ಬಯಲಿನ ಮಣ್ಣು ಎಲ್ಲ ಕಡೆ ಸಮಸಮವಾಗಿ ಕೊಚ್ಚಿ ಹೋಗ್ತಿಲ್ಲ. ನುಣುಪು ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಕೊರಕಲುಗಳಿಂದ ಮತ್ತು ಕುಸಿಯೋ ಹಳ್ಳದ ದಡಗಳಿಂದ. ಒಟ್ಟು ಭೂಮಿಯಲ್ಲಿ ಅವುಗಳ ಪಾಲು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. 1987ರಲ್ಲಿ ಬರ್ಡೆಕಿನ್‌ಗೆ ದೊಡ್ಡ ಅಣೆಕಟ್ಟು ಕಟ್ಟಿ ಮುಗಿಸಿದರು, ಅದು ಮೇಲಿನ ಒಂದಷ್ಟು ಮಣ್ಣನ್ನು ತಡೆಯುತ್ತೆ. ಆದರೆ ಬೋವೆನ್ ಅನ್ನೋ ಉಪನದಿ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತೆ. ಆ ಸಣ್ಣ ಭಾಗದ ಕೊರಕಲುಗಳೇ ಅತಿ ಹೆಚ್ಚು ಕೆಸರು ಕೊಡೋ ಜಾಗಗಳಲ್ಲಿ ಒಂದು.

ಭೂಬಳಕೆ ಯೋಜನೆ ಅಂದ್ರೆ ಕಚೇರಿಯಲ್ಲಿ ನಕ್ಷೆಗೆ ಹಸಿರು, ಹಳದಿ ಬಣ್ಣ ಬಳಿಯೋ ಕೆಲಸ ಅಂತ ನಾನು ತಿಳಿದಿದ್ದೆ. ಅಲ್ಲಿ ಅದರ ತಿರುಳು ಗೊತ್ತಾಯ್ತು. ಮಣ್ಣು ನಿಜವಾಗಿ ಹೋಗ್ತಿರೋ ಕೆಲವೇ ಜಾಗ ಗುರುತಿಸಬೇಕು, ದುಡ್ಡು ಮತ್ತು ನಿರ್ಬಂಧ ಎರಡನ್ನೂ ಅಲ್ಲಿಗೇ ತಿರುಗಿಸಬೇಕು. ಎಲ್ಲ ರೈತರಿಗೂ ಸಮನಾಗಿ ಬುದ್ಧಿ ಹೇಳಿದರೆ ಕೆಸರು ನಿಲ್ಲೋಲ್ಲ.

ದೊಡ್ಡ ಉದಾಹರಣೆ ಕೇಪ್ ಯಾರ್ಕ್ ಕಡೆಯ ಸ್ಪ್ರಿಂಗ್‌ವೇಲ್. 56,000 ಹೆಕ್ಟೇರಿನ ದನದ ಸಾಕಣೆ ಜಾಗ, ನಾರ್ಮನ್‌ಬಿ ನದಿಗೆ ಸೇರೋ ಕೆಸರಿನ ದೊಡ್ಡ ಮೂಲ. 2016ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 70 ಲಕ್ಷ ಡಾಲರ್ ಕೊಟ್ಟು ಅದನ್ನು ಇಡಿಯಾಗಿ ಕೊಂಡುಕೊಂಡಿತು. ದನ ಹೊರಗೆ ಹಾಕಿ ಕೊರಕಲು ಮುಚ್ಚೋ ಕೆಲಸ ಹಿಡಿಯಿತು. ಇನ್ನೊಂದು ಕಾನೂನು: ರೀಫ್‌ಗೆ ಹರಿಯೋ ಹಳ್ಳ-ನದಿಗಳ ಪಕ್ಕ 50 ಮೀಟರ್ ಒಳಗೆ ಮತ್ತೆ ಚಿಗುರಿದ ಗಿಡಮರಗಳನ್ನು ಮನಸ್ಸಿಗೆ ಬಂದ ಹಾಗೆ ಕಡಿಯುವಂತಿಲ್ಲ. 2018ರಲ್ಲಿ ಇದನ್ನು ಇನ್ನಷ್ಟು ನದಿಗಳಿಗೆ ವಿಸ್ತರಿಸಿದರು. ನಮ್ಮಲ್ಲಿ 50 ಮೀಟರ್ ಅಂದ್ರೆ ಎಷ್ಟೋ ಮಂದಿಯ ಪೂರ್ತಿ ಹೊಲ. ಹಾಗಾಗಿ ಆ ಕಾನೂನನ್ನು ಇಲ್ಲಿಗೆ ತನ್ನಿ ಅಂತ ನಾನು ಹೇಳೋದಿಲ್ಲ.

ಕೊರಕಲು ಮುಚ್ಚೋದನ್ನು ಒಮ್ಮೆ ನೋಡೋಕೆ ಕರ್ಕೊಂಡು ಹೋಗಿದ್ದರು. ಜೆಸಿಬಿಯಲ್ಲಿ ಮಣ್ಣು ಹಾಕಿ ಮುಚ್ಚಿಬಿಡ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಕಡಿದಾದ ದಡ ಕೆರೆದು ಇಳಿಜಾರು ಮಾಡಿದರು. ಜಿಪ್ಸಂ ಬೆರೆಸಿದರು. ನೀರು ಧುಮುಕೋ ತಲೆಭಾಗಕ್ಕೆ ಕಲ್ಲು ಹಾಸಿದರು. ಮೇಲೆ ಒಣಹುಲ್ಲು ಹರಡಿ ಹುಲ್ಲಿನ ಬೀಜ ಬಿತ್ತಿದರು. ಕೊನೆಗೆ ದನ ಬಾರದ ಹಾಗೆ ತಂತಿ ಬೇಲಿ. ಬೇಲಿ ಇಲ್ಲದಿದ್ದರೆ ಉಳಿದ ಖರ್ಚೆಲ್ಲ ನೀರುಪಾಲು ಅಂತ ಕೆಲಸದವರೇ ನಗ್ತಾ ಹೇಳಿದರು.

ಜಿಪ್ಸಂ ಯಾಕೆ ಅಂತ ಸವಳು ಭೂಮಿ ಇರೋರಿಗೆ ಹೇಳಬೇಕಿಲ್ಲ. ಸೋಡಿಯಂ ಹೆಚ್ಚಿರೋ ಮಣ್ಣು ನೀರು ತಾಗಿದ ಕೂಡಲೇ ಬಿಡಿಬಿಡಿಯಾಗಿ ಕರಗಿ ಹರಿಯುತ್ತೆ. ಇದನ್ನು ನೀವು ಮನೆಯಲ್ಲೇ ನೋಡಬಹುದು. ಕೊರಕಲಿನ ಗೋಡೆಯಿಂದ ಕಡಲೆಕಾಳಿನಷ್ಟು ಒಣ ಹೆಂಟೆ ತಗೊಳ್ಳಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತುಂಬಿ ಮೆಲ್ಲಗೆ ಒಳಗೆ ಬಿಡಿ. ಬೋರ್ ನೀರು ಬೇಡ, ಅದರ ಉಪ್ಪಿನಿಂದ ಫಲಿತಾಂಶ ತಪ್ಪಾಗುತ್ತೆ. ಅಲುಗಾಡಿಸದೆ ಎರಡು ಗಂಟೆ ಬಿಡಿ. ಹೆಂಟೆ ಬರೀ ಕುಸಿದು ಗುಡ್ಡೆಯಾದರೆ ಅಷ್ಟು ಭಯವಿಲ್ಲ. ಸುತ್ತ ಹಾಲು ಕದಡಿದ ಹಾಗೆ ಮೋಡ ಎದ್ದರೆ ಆ ಜಾಗ ಮುಟ್ಟೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಅಂಥ ಕಡೆ ಬರೀ ಮಣ್ಣಿನ ಒಡ್ಡು ಹಾಕಿದರೆ ಒಡ್ಡಿನೊಳಗೇ ಬಿಲ ಬಿದ್ದು ಒಡೆಯುತ್ತೆ.

ಕಬ್ಬಿನವರ ಪಾಲು

ಕಬ್ಬಿನವರು ಪೂರ್ತಿ ನಿರಪರಾಧಿಗಳೇನಲ್ಲ. ಶನಿವಾರ, ಭಾನುವಾರ ನಾನು ಟೌನ್ಸ್‌ವಿಲ್‌ನಿಂದ ಉತ್ತರಕ್ಕೆ ಇಂಗಮ್ ಕಡೆ ಒಂದು ಕಬ್ಬಿನ ತೋಟದಲ್ಲಿ ಕೆಲಸಕ್ಕೆ ಹೋಗ್ತಿದ್ದೆ. ಮಾಲೀಕನ ಅಜ್ಜ ಇಟಲಿಯಿಂದ ಬಂದವನು, ಆ ಊರಲ್ಲಿ ಅಂಥವರು ಬಹಳ. ಮೊದಲ ದಿನ ಹೊಲಕ್ಕೆ ಕಾಲಿಟ್ಟಾಗ ಪಾದ ಹಾಸಿಗೆ ಮೇಲೆ ಇಟ್ಟ ಹಾಗಾಯ್ತು. ಕಟಾವು ಯಂತ್ರ ಹಸಿ ಕಬ್ಬು ಕತ್ತರಿಸುತ್ತಾ ರವದಿಯನ್ನೆಲ್ಲ ಹಿಂದಕ್ಕೆ ಚೆಲ್ಲಿ ಹೋಗಿತ್ತು. ಬೆಂಕಿ ಇಲ್ಲ, ರೆಂಟೆ ಇಲ್ಲ. ಆ ಹಾಸಿಗೆ ಸೀಳಿಕೊಂಡೇ ಕುಳೆ ಚಿಗುರು ಮೇಲೆ ಬರ್ತಿತ್ತು.

ಅವನ ಅಜ್ಜನ ಕಾಲದಲ್ಲಿ ಹಾಗಿರಲಿಲ್ಲವಂತೆ. 1930ರ ದಶಕದಲ್ಲಿ ಅಲ್ಲಿನ ಕಬ್ಬು ಕಡಿಯುವವರಿಗೆ ಇಲಿ ಜ್ವರ ತಗಲಿ ಜನ ಸತ್ತರು. ನಮ್ಮ ಮಲೆನಾಡಿನವರಿಗೆ ಗೊತ್ತಿರೋ ಅದೇ ಇಲಿ ಜ್ವರ. ಕಡಿಯೋ ಮುಂಚೆ ಹೊಲ ಸುಟ್ಟು ಇಲಿ ಓಡಿಸಿ ಅಂತ 1934–35ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಅಲ್ಲಿಂದ ಸುಡೋದೇ ಪದ್ಧತಿಯಾಯ್ತು. ಯಂತ್ರ ಬಂದು ಮನುಷ್ಯ ಹೊಲದೊಳಗೆ ಬಗ್ಗೋದು ತಪ್ಪಿದ ಮೇಲಷ್ಟೇ ಸುಡದೆ ಕಡಿಯೋದು ಸಾಧ್ಯವಾಯ್ತು. ಸುಡುವವರನ್ನು ಬೈಯುವಾಗ ನನಗೆ ಈ ಕಥೆ ನೆನಪಾಗುತ್ತೆ. ಯಾವ ಪದ್ಧತಿಗೂ ಹಿಂದೆ ಒಂದು ಕಾರಣ ಇದ್ದೇ ಇರುತ್ತೆ.

ರವದಿ ಎಷ್ಟು ಮಣ್ಣು ಉಳಿಸುತ್ತೆ? ಇನ್ನಿಸ್‌ಫೇಲ್ ಸುತ್ತಿನ ಇಳಿಜಾರು ಕಬ್ಬಿನ ಹೊಲಗಳಲ್ಲಿ ಅಳೆದ ಲೆಕ್ಕ 1995ರಲ್ಲಿ ಪ್ರಕಟವಾಗಿದೆ. ಉಳುಮೆ ಮಾಡಿದ ಹೊಲದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 148 ಟನ್ ಮಣ್ಣು ಹೋಗಿತ್ತು. ಉಳುಮೆ ನಿಲ್ಲಿಸಿದ ಕಡೆ 15 ಟನ್‌ಗಿಂತ ಕಡಿಮೆ. ಎಕರೆ ಲೆಕ್ಕದಲ್ಲಿ 60 ಟನ್ ಹೋಗೋ ಕಡೆ 6 ಟನ್. ಒಂದು ಟ್ರೇಲರಿಗೆ 4 ಟನ್ ಹಿಡಿದರೆ, ಎಕರೆಗೆ 15 ಟ್ರೇಲರ್ ಮೇಲ್ಮಣ್ಣು ಹಳ್ಳಕ್ಕೆ ಸುರಿದ ಹಾಗೆ. ಅದು ಭಾರಿ ಮಳೆಯ ನಾಡು, ನಮ್ಮ ಸಪಾಟು ಹೊಲಕ್ಕೆ ಈ ಅಂಕಿ ಹೊಂದೋಲ್ಲ. ಆದರೆ ಹತ್ತರಲ್ಲೊಂದು ಪಾಲಿಗೆ ಇಳಿಸಬಹುದು ಅನ್ನೋದು ಗಮನಿಸೋ ಮಾತು.

ಟೌನ್ಸ್‌ವಿಲ್‌ನಿಂದ ದಕ್ಷಿಣಕ್ಕೆ, ಬರ್ಡೆಕಿನ್ ಮುಖಜ ಭೂಮಿಯ ಏರ್ ಊರಿನ ಸುತ್ತ ಮಾತ್ರ ಇವತ್ತಿಗೂ ಹೆಚ್ಚಿನ ಕಬ್ಬು ಸುಟ್ಟೇ ಕಡಿಯೋದು. ಸಂಜೆ ಹೊತ್ತು ದಾರಿಯಲ್ಲಿ ಹೋದರೆ ನಮ್ಮ ಜನವರಿ ತಿಂಗಳೇ. ಅದೇ ಹೊಗೆ, ಬಟ್ಟೆ ಮೇಲೆ ಅದೇ ಕರಿ. ಕಾರಣ ಕೇಳಿದರೆ ನಮ್ಮಪ್ಪ ಹೇಳೋದನ್ನೇ ಇಂಗ್ಲಿಷಿನಲ್ಲಿ ಹೇಳ್ತಾರೆ: ಸಾಲಿನಲ್ಲಿ ನೀರು ಹಾಯಿಸೋ ಹೊಲ, ರವದಿ ಇದ್ದರೆ ನೀರು ಮುಂದಕ್ಕೆ ಹೋಗೋಲ್ಲ. ವಿಜ್ಞಾನ ಗೊತ್ತಿದ್ದೂ ಸುಡ್ತಾರೆ, ಯಾಕಂದ್ರೆ ನೀರಿನ ವ್ಯವಸ್ಥೆ ಬದಲಾಗದೆ ರವದಿಯ ವಿಚಾರ ಬದಲಾಗೋಲ್ಲ. ನಮ್ಮಲ್ಲಿ ಡ್ರಿಪ್ ಇರೋರು ರವದಿ ಉಳಿಸಿಕೊಳ್ತಾರೆ, ಕಾಲುವೆ ನೀರಿನವರು ಕಡ್ಡಿ ಗೀರುತ್ತಾರೆ. ಕಾಲುವೆ ನೀರಿನವರಿಗೆ ಒಂದು ನಡುದಾರಿ ಇದೆ: ಸಾಲು ಬಿಟ್ಟು ಸಾಲಿಗೆ ರವದಿ ಒಟ್ಟಿ, ಖಾಲಿ ಸಾಲಿನಲ್ಲಿ ನೀರು ಬಿಡೋದು.

ರೈತರು ಇದನ್ನೆಲ್ಲ ಖುಷಿಯಿಂದ ಒಪ್ಪಿಕೊಂಡರು ಅಂತ ತಿಳಿಯಬೇಡಿ. 2019ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ರೀಫ್ ಕಾನೂನನ್ನು ಬಿಗಿ ಮಾಡಿ, ಗೊಬ್ಬರದ ಲೆಕ್ಕ ಬರೆದಿಡಬೇಕು, ದನದ ಬಯಲಲ್ಲಿ ಹುಲ್ಲಿನ ಹೊದಿಕೆ ಕಾಪಾಡಬೇಕು ಅಂತೆಲ್ಲ ಕಡ್ಡಾಯ ಮಾಡಿದಾಗ ದೊಡ್ಡ ಜಗಳವೇ ಆಯ್ತು. ಹವಳ ಬೆಳ್ಳಗಾಗಿ ಸಾಯ್ತಿರೋದು ಸಮುದ್ರ ಬಿಸಿಯಾಗಿ, ಬೈಗುಳ ಮಾತ್ರ ನಮಗೆ ಅನ್ನೋದು ರೈತರ ಸಿಟ್ಟು. ಅದರಲ್ಲಿ ಸತ್ಯ ಇದೆ. 2016, 2017, 2020, 2022, 2024ರಲ್ಲಿ ಬಿಸಿಗೆ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಯ್ತು. ವಿಜ್ಞಾನಿಗಳೂ ಬಿಸಿಯೇ ಮೊದಲ ಶತ್ರು ಅಂತಾರೆ. ಬಿಸಿಗೆ ಸತ್ತ ಜಾಗದಲ್ಲಿ ಹೊಸ ಹವಳ ಏಳಬೇಕಾದರೆ ತಿಳಿನೀರು ಬೇಕು ಅನ್ನೋದು ಅವರ ಎರಡನೇ ಮಾತು. 2025ಕ್ಕೆ ಮನುಷ್ಯರಿಂದಾದ ನುಣುಪು ಕೆಸರನ್ನು ನೂರಕ್ಕೆ 25 ಇಳಿಸೋ ಗುರಿ ಇಟ್ಟಿದ್ದರು. ಪ್ರಗತಿ ವರದಿಗಳು ಗುರಿಗಿಂತ ಹಿಂದೆಯೇ ಉಳಿದವು. ಅಷ್ಟು ದುಡ್ಡಿರೋ ದೇಶದಲ್ಲೂ ಕೊರಕಲು ಮುಚ್ಚೋದು ನಿಧಾನದ ಕೆಲಸ.

ನನಗೆ ಅಲ್ಲಿ ತುಂಬ ಹಿಡಿಸಿದ್ದು ವೆಜ್‌ಮಷೀನ್ ಅನ್ನೋ ಉಚಿತ ವೆಬ್‌ಸೈಟ್. ದನದ ಮಾಲೀಕ ನಕ್ಷೆಯಲ್ಲಿ ತನ್ನ ಬಯಲಿನ ಗಡಿ ಎಳೆದರೆ ಸಾಕು, ಉಪಗ್ರಹ ಚಿತ್ರಗಳಿಂದ ಹಲವು ದಶಕಗಳಲ್ಲಿ ಹುಲ್ಲಿನ ಹೊದಿಕೆ ಎಷ್ಟಿತ್ತು ಅಂತ ಗೆರೆ ಎಳೆದು ತೋರಿಸುತ್ತೆ. ‘ನಮ್ಮಪ್ಪನ ಕಾಲದಲ್ಲಿ ಚೆನ್ನಾಗಿತ್ತು’ ಅನ್ನೋ ವಾದ ಅಲ್ಲಿಗೆ ನಿಲ್ಲುತ್ತೆ.

ಊರಿಗೆ ಬಂದ ಮೇಲೆ

ನಮ್ಮ ಹೊಲದ ಮಣ್ಣು ಹವಳಕ್ಕೆ ಹೋಗೋಲ್ಲ, ಸುಳ್ಳು ಹೇಳಿ ಏನು ಪ್ರಯೋಜನ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆ ಸೇರುತ್ತೆ, ಕೆಸರು ಆಲಮಟ್ಟಿ ಹಿನ್ನೀರಿನಲ್ಲಿ ಕೂರುತ್ತೆ. ಕೆಸರು ಕೂತರೆ ಏನಾಗುತ್ತೆ ಅಂತ ತುಂಗಭದ್ರಾ ಅಚ್ಚುಕಟ್ಟಿನವರನ್ನು ಕೇಳಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿ ಹಿಡಿಯುತ್ತೆ. ಕರಾವಳಿಯ ಗೆಳೆಯರ ಲೆಕ್ಕ ಬೇರೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳ ಇದೆ. ದಡದಿಂದ ದೂರ ಇರೋದರಿಂದ ಅದಕ್ಕೆ ಒಂದಷ್ಟು ರಕ್ಷಣೆ ಇದೆ. ಬರ್ಡೆಕಿನ್ ಕೆಸರು 60 ಕಿಲೋಮೀಟರ್ ಹೋಗಿತ್ತು ಅನ್ನೋದನ್ನೂ ಮರೆಯೋ ಹಾಗಿಲ್ಲ.

ನಮ್ಮ ನಾಲ್ಕು ಎಕರೆಯ ಕೆಳಮೂಲೆಯಲ್ಲಿ ಹಳ್ಳಕ್ಕೆ ಇಳಿಯೋ ಒಂದು ಕೊರಕಲು ಇದೆ. ನಾನು ಶಾಲೆಗೆ ಹೋಗುವಾಗ ಜಿಗಿದು ದಾಟ್ತಿದ್ದೆ. ವಾಪಸ್ ಬಂದು ನೋಡಿದರೆ ಎತ್ತು ಬಿದ್ದರೆ ಎತ್ತೋಕಾಗದಷ್ಟು ಆಳ, ಮೂರು ಗುಂಟೆ ನುಂಗಿತ್ತು. ಅಪ್ಪ ಪ್ರತಿ ಬೇಸಿಗೆ ಅದರ ಬಾಯಿಗೆ ಒಡ್ಡು ಹಾಕೋದು, ಮಳೆಗಾಲದಲ್ಲಿ ಅದು ಒಡೆಯೋದು. ನಾವೆಲ್ಲ ನೋಡ್ತಿದ್ದದ್ದು ಕೊರಕಲಿನ ಬಾಯಿ ಮಾತ್ರ. ಟೌನ್ಸ್‌ವಿಲ್‌ನ ತರಗತಿಯಲ್ಲಿ ನಾನು ಮಾಡಿದ ತಪ್ಪೇ ಇದು.

ಈ ಸಲ ಮೇಲಿಂದ ನೋಡಿದೆ. ದಿಶಾಂಕ್ ಆಪ್‌ನಲ್ಲಿ ನಮ್ಮ ಸರ್ವೆ ನಂಬರ್ ತೆಗೆದರೆ ಸುತ್ತಲಿನ ಹೊಲಗಳು, ಹಳೇ ಹಳ್ಳದ ಗೆರೆ ಕಾಣುತ್ತೆ. ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಚಿತ್ರ ಪಕ್ಕ ಇಟ್ಟು ನೋಡಿದೆ. ಮೊದಲು ಮೇಲಿನ ಮಡ್ಡಿಯ ನೀರು ಎರಡು ಕಡೆ ಹಂಚಿ ಇಳೀತಿತ್ತು. ರಸ್ತೆ ಆದ ಮೇಲೆ ಎಲ್ಲ ನೀರೂ ಒಂದೇ ಮೋರಿಗೆ ಬಂದು, ಕಾಕಾನ ಹೊಲದ ಅಂಚಿಗೆ ಹಾದು ನಮ್ಮ ಮೂಲೆಗೆ ಬೀಳ್ತಿದೆ. ಕಾಕಾ ಹಳೇ ಹುಲ್ಲಿನ ಬದು ಒಡೆದು ಎರಡು ಸಾಲು ಹೆಚ್ಚು ಬಿತ್ತಿದ್ದ. ಒಂದು ಎಚ್ಚರಿಕೆ, ದಿಶಾಂಕ್ ನೋಡಿ ಗಡಿ ಜಗಳಕ್ಕೆ ಇಳಿಯಬೇಡಿ. ಅದಕ್ಕೆ ಸರ್ವೆಯರೇ ಬರಬೇಕು.

ಕಾಕಾಗೂ ಅಪ್ಪನಿಗೂ ಬದುವಿನ ವಿಷಯದಲ್ಲಿ ಎಂಟು ವರ್ಷದಿಂದ ಮಾತಿಲ್ಲ. ನಾನೇ ಮೊಬೈಲ್ ಹಿಡಿದುಕೊಂಡು ಹೋದೆ. ಕಾಕಾ ಚಿತ್ರ ನೋಡಿ, ‘ತಮ್ಮಾ, ನೀರ ನನ್ನ ಹೊಲದಾಗ ಹುಟ್ಟೂದಿಲ್ಲ, ಮ್ಯಾಲಿಂದ ಬರ್ತೈತಿ. ನನಗ ಯಾಕ ಹೇಳಾಕ ಬಂದಿ?’ ಅಂದ. ಅವನ ಮಾತು ಸುಳ್ಳಲ್ಲ. ಮೇಲಿನ ಮಡ್ಡಿ ಇನ್ನೂ ಐದು ಮಂದಿಗೆ ಸೇರಿದ್ದು. ಕೊನೆಗೆ ಮೂವರು ಒಪ್ಪಿದರು: ಇಳಿಜಾರಿಗೆ ಅಡ್ಡ ಉಳುಮೆ, ಬದುವಿನ ಮೇಲೆ ಲಾವಂಚ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಲಾವಂಚ ಹಾಕೋದು ಹಳೇ ಪದ್ಧತಿ. ಮಣ್ಣು ತಡೆಯೋಕೆ ಇದನ್ನು ಜಗತ್ತಿನ ಬೇರೆ ದೇಶಗಳಿಗೂ ಹಬ್ಬಿಸಿದ್ದಾರೆ, ಕ್ವೀನ್ಸ್‌ಲ್ಯಾಂಡ್‌ನಲ್ಲೂ ಬಳಸ್ತಾರೆ. ನಮ್ಮ ಗಿಡದ ಹೆಸರು ನಾನು ಟೌನ್ಸ್‌ವಿಲ್‌ನಲ್ಲಿ ಕೇಳಿ ಬಂದೆ, ನಾಚಿಕೆಯ ವಿಷಯ.

ಮೋರಿಯ ಕೆಳಗೆ ಕಲ್ಲು ಹಾಸಿ, ಕಾಕಾನ ಅಂಚಿಗೆ ಎಂಟು ಅಡಿ ಅಗಲ ಹುಲ್ಲಿನ ದಾರಿ ಬಿಡಬೇಕು ಅನ್ನೋದು ನನ್ನ ಲೆಕ್ಕ. ಎಂಟು ಅಡಿ ಕೇಳಿದ್ದಕ್ಕೆ ಕಾಕಾ ನಾಲ್ಕು ಕೊಟ್ಟ. ಅದರ ಹುಲ್ಲು ಕೊಯ್ದು ಎಮ್ಮೆಗೆ ಹಾಕಿಕೊಳ್ಳೋದು ಅವನೇ ಅಂತ ಮಾತಾಯ್ತು. ಕಳೆದ ಮಳೆಗಾಲದಲ್ಲಿ ಕೊರಕಲಿನ ತಲೆ ಮೇಲಕ್ಕೆ ಬರಲಿಲ್ಲ, ಪಕ್ಕದ ದಡ ಮಾತ್ರ ಎರಡು ಕಡೆ ಕುಸೀತು. ಇನ್ನೂ ಒಪ್ಪದ ಇಬ್ಬರ ಹೊಲದ ನೀರು ಹಾಗೇ ಕೆಂಪಗೆ ಬರ್ತಿದೆ. ಅಪ್ಪ ಈ ಬೇಸಿಗೆಯೂ ಒಡ್ಡು ಹಾಕೋಕೆ ಹೊರಟಿದ್ದ. ಲೋಟದಲ್ಲಿ ಹೆಂಟೆ ಬಿಟ್ಟು ತೋರಿಸಿದೆ. ನೀರು ಹಾಲಿನ ಹಾಗೆ ಕದಡಿದ್ದನ್ನು ಸ್ವಲ್ಪ ಹೊತ್ತು ನೋಡಿ, ಜಿಪ್ಸಂ ಚೀಲಕ್ಕೆ ಈಗ ರೇಟ್ ಎಷ್ಟೈತಿ ಅಂತ ಕೇಳಿದ.